ತಿದ್ದಿದ ತಪ್ಪು

ನಮ್ಮ ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದ ಪಂಡಿತರು ನಿಬಂಧದ ಪುಸ್ತಕಗಳನ್ನು ತಿದ್ದುವಾಗ ಕೆಂಪು ಶಾಯಿಯ ವಿಷಯದಲ್ಲಿ ಎಂದೂ ಜಿಪುಣತನ ತೋರಿದವರಲ್ಲ. ಒಮ್ಮೆ ನಾನು ‘ಅತಿಥಿಗಳಿಗೆ ಕರ ಮುಗಿದು’ ಎನ್ನಬೇಕಾದಲ್ಲಿ ‘ಖರ ಮುಗಿದು’ ಎಂದು ಬರೆದಿದ್ದೆ. ಅವರು ಗದರಲಿಲ್ಲ. “ತಮ್ಮಾ, ಕೈ ಮುಗಿಯುವ ಬದಲು ಕತ್ತೆಯನ್ನು ಮುಗಿಸಿಬಿಟ್ಟೆಯಲ್ಲೋ!” ಎಂದರು. ತರಗತಿಯೆಲ್ಲ ನಕ್ಕಿತು. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಅಂದಿನಿಂದ ನನಗೆ ಮರೆತಿಲ್ಲ.

ಮುಂದೆ ಹೊಟ್ಟೆಪಾಡಿಗಾಗಿ ನಾನು ಗಣಕಯಂತ್ರದ ಕ್ಷೇತ್ರವನ್ನು ಸೇರಿದೆ. ತಂತ್ರಾಂಶಗಳನ್ನು ಬಳಸುವ ಬಗೆಯನ್ನು ತಿಳಿಸುವ ಕೈಪಿಡಿಗಳಲ್ಲಿ ಬೆರಳಚ್ಚಿನ ತಪ್ಪುಗಳು ಕಂಡಾಗಲೆಲ್ಲ ಪಂಡಿತರ ಕೆಂಪು ಶಾಯಿ ನೆನಪಾಗುತ್ತಿತ್ತು. ಮುಕ್ತ ತಂತ್ರಾಂಶಗಳ ಕೈಪಿಡಿಯನ್ನು ಯಾರು ಬೇಕಾದರೂ ತಿದ್ದಿ ಕಳುಹಿಸಬಹುದು. ಹೊಣೆ ಹೊತ್ತವರು ಪರಿಶೀಲಿಸಿ ಸ್ವೀಕರಿಸುತ್ತಾರೆ. ಬಿಡುವಿನ ವೇಳೆಯನ್ನು ನಾನು ಈ ಕೆಲಸಕ್ಕೆ ಮೀಸಲಿಟ್ಟೆ.

ಇಂಥ ತಪ್ಪುಗಳು ಕ್ಷುಲ್ಲಕವೆಂದು ಭಾವಿಸಬಾರದು. ಆಜ್ಞೆಯೊಂದರಲ್ಲಿ ಎರಡು ಕಿರುಗೆರೆಗಳಿರಬೇಕಾದಲ್ಲಿ, ಬರಹವನ್ನು ಅಂದಗೊಳಿಸುವ ತಂತ್ರಾಂಶವು ಅವನ್ನು ಕೂಡಿಸಿ ಒಂದೇ ಉದ್ದಗೆರೆಯನ್ನಾಗಿ ಮಾಡುವುದುಂಟು. ಕಣ್ಣಿಗೆ ಅದು ಚೆಲುವಾಗಿಯೇ ಕಾಣುತ್ತದೆ. ಯಂತ್ರಕ್ಕೆ ಮಾತ್ರ ಅರ್ಥವಾಗದು. ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಗ್ರಂಥಗಳಲ್ಲಿ ತಪ್ಪನ್ನು ಮೊದಲು ಕಂಡುಹಿಡಿದವರಿಗೆ 2.56 ಡಾಲರುಗಳ ಚೆಕ್ಕನ್ನು ಕಳುಹಿಸುತ್ತಿದ್ದರು. 2008ರಿಂದ ಅದರ ಬದಲು ಪ್ರಮಾಣಪತ್ರವನ್ನು ನೀಡುತ್ತ ಬಂದರು. ಅದನ್ನು ಪಡೆದವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳುವುದುಂಟು.

ಹತ್ತಾರು ತಿದ್ದುಪಡಿಗಳು ಸ್ವೀಕೃತವಾದ ಮೇಲೆ ನನ್ನಲ್ಲಿ ಸ್ವಲ್ಪ ಅಹಂಕಾರ ಮೊಳೆಯಿತು. ಆಗಲೇ ಒಂದು ಕೈಪಿಡಿಯಲ್ಲಿ ‘ರೆಫರರ್’ ಎಂಬ ಇಂಗ್ಲಿಷ್ ಪದ ನನ್ನ ಕಣ್ಣಿಗೆ ಬಿದ್ದಿತು. ಪದದ ನಡುವೆ ‘ಆರ್’ ಅಕ್ಷರ ಎರಡು ಸಲ ಬರಬೇಕು. ಅಲ್ಲಿ ಒಂದೇ ಇದ್ದಿತು. ಎಷ್ಟು ಜನರ ಕಣ್ಣು ತಪ್ಪಿಸಿಕೊಂಡಿದೆಯಲ್ಲ ಎಂದು ಹಿಗ್ಗಿ, ಉದಾಹರಣೆಯ ಕ್ರಮವಿಧಿಯೂ ಸೇರಿದಂತೆ ಎಲ್ಲೆಡೆಯೂ ತಿದ್ದಿದೆ. ಪರಿಶೀಲಿಸಿದವರೂ ವ್ಯಾಕರಣದ ತಿದ್ದುಪಡಿಯೆಂದು ನಂಬಿ ಒಪ್ಪಿಕೊಂಡರು.

ಕೆಲವು ದಿನಗಳ ಬಳಿಕ ವಿದ್ಯಾರ್ಥಿಯೊಬ್ಬನ ಪತ್ರ ಬಂದಿತು. ಕೈಪಿಡಿಯಲ್ಲಿದ್ದುದನ್ನು ಅಕ್ಷರಶಃ ನಕಲು ಮಾಡಿದರೂ ತನ್ನ ಕ್ರಮವಿಧಿ ಬರಿದಾದ ಉತ್ತರವನ್ನೇ ಕೊಡುತ್ತಿದೆ. ಎರಡು ರಾತ್ರಿ ನಿದ್ದೆಗೆಟ್ಟರೂ ಕಾರಣ ತಿಳಿಯಲಿಲ್ಲ. ಈ ವಿದ್ಯೆ ತನಗೆ ಒಲಿಯುವಂಥದಲ್ಲವೆಂದು ತೋರುತ್ತಿದೆ ಎಂದು ಬರೆದಿದ್ದ.

ಆಮೇಲೆ ನಾನು ಮೂಲವನ್ನು ಹುಡುಕಿ ಓದಿದೆ. ಓದುಗನು ಒಂದು ಜಾಲಪುಟದಿಂದ ಮತ್ತೊಂದಕ್ಕೆ ಹೋದಾಗ, ಎಲ್ಲಿಂದ ಬಂದನೆಂಬುದನ್ನು ತಿಳಿಸುವ ಶಿರೋಲೇಖವಿದು. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ ನಿಯಮಾವಳಿಯಲ್ಲಿಯೇ ಇದರ ಹೆಸರು ತಪ್ಪು ಕಾಗುಣಿತದಲ್ಲಿ ಅಚ್ಚಾಗಿತ್ತು. ಜಗತ್ತಿನ ಯಂತ್ರಗಳೆಲ್ಲ ಅದನ್ನೇ ಕಲಿತವು. ಆದುದರಿಂದ 2022ರ ಪರಿಷ್ಕೃತ ನಿಯಮಾವಳಿಯೂ ಅದು ತಪ್ಪೆಂದು ಒಪ್ಪಿಕೊಂಡು ಹಾಗೆಯೇ ಉಳಿಸಿಕೊಂಡಿದೆ. ನಾನು ಬರೆದ ಶುದ್ಧ ರೂಪವನ್ನು ಯಂತ್ರ ಸಾಮಾನ್ಯವಾಗಿ ಗುರುತಿಸದು. ತಪ್ಪೆಂದು ಎಚ್ಚರಿಸುವುದೂ ಇಲ್ಲ.

ಲಜ್ಜೆಯಿಂದ ತಲೆ ತಗ್ಗಿತು. ಅಂದೇ ನನ್ನ ತಿದ್ದುಪಡಿಯನ್ನು ಹಿಂತೆಗೆದುಕೊಂಡು, ‘ಈ ಕಾಗುಣಿತ ಹೀಗೆಯೇ ಇರತಕ್ಕದ್ದು’ ಎಂಬ ಸಾಲನ್ನು ಸೇರಿಸಿದೆ. ಆ ಹುಡುಗನಿಗೆ, “ತಪ್ಪು ನಿನ್ನದಲ್ಲಪ್ಪ, ನನ್ನದು” ಎಂದು ಬರೆದೆ. ಮರುದಿನ ಅವನ ಉತ್ತರ ಬಂದಿತು: “ಈಗ ಸರಿಹೋಯಿತು ಸರ್, ಮುಂದಿನ ಪಾಠಕ್ಕೆ ಹೋಗುತ್ತಿದ್ದೇನೆ.”

ನನ್ನ ತಿದ್ದುಪಡಿಯೂ ಅದರ ಹಿಂತೆಗೆತವೂ ಹೆಸರು, ದಿನಾಂಕಗಳ ಸಹಿತ ಆ ಕೈಪಿಡಿಯ ಚರಿತ್ರೆಯಲ್ಲಿ ಇಂದಿಗೂ ಇವೆ. ಈಗಲೂ ತಪ್ಪುಗಳನ್ನು ತಿದ್ದುತ್ತೇನೆ. ಆದರೆ ಮೊದಲು ಆಜ್ಞೆಯನ್ನು ನಾನೇ ಯಂತ್ರದಲ್ಲಿ ನಡೆಸಿ ನೋಡುತ್ತೇನೆ. ಪಂಡಿತರು ಸಹ ಸಂದೇಹ ಬಂದಾಗ ಕೆಂಪು ಲೇಖನಿಯನ್ನು ಕೆಳಗಿಟ್ಟು ನಿಘಂಟನ್ನು ತೆರೆಯುತ್ತಿದ್ದರು. ಅದನ್ನು ಕಂಡಿದ್ದೂ ಕಲಿಯದೆ ಹೋದವನು ನಾನು. ಈ ಸಂಚಿಕೆಯನ್ನು ಓದುವ ಕಿರಿಯರು ಅದನ್ನು ನನಗಿಂತ ಬೇಗ ಕಲಿಯಲೆಂದು ಹಾರೈಸುತ್ತೇನೆ.