ದೆವ್ವ ಬರೆಯುವವನ ಹಗಲು

“ಸರ್ರ, ದೆವ್ವದ ಕಥಿ ಬರಿಯೋರಿಗೆ ರಾತ್ರಿ ಒಬ್ರ ಮಲಗಾಕ ಅಂಜಿಕಿ ಆಗಂಗಿಲ್ಲೇನ್ರಿ?”

ಒಂಬತ್ತನೇ ತರಗತಿಯ ಹುಡುಗನೊಬ್ಬ ಹೀಗೆ ಕೇಳಿದಾಗ ನಾನು ಶಬ್ದದ ಪಾಠ ಮಾಡುತ್ತಿದ್ದೆ. ಹಗಲೆಲ್ಲ ಬಿಸಿಲಿಗೆ ಕಾದು ಹಿಗ್ಗಿದ ತಗಡು ರಾತ್ರಿ ತಣ್ಣಗಾಗಿ ಕುಗ್ಗುವಾಗ ‘ಟಣ್’ ಎನ್ನುತ್ತದೆ, ಮಾಳಿಗೆಯ ಮೇಲೆ ಯಾರೂ ಓಡಾಡುವುದಿಲ್ಲ ಎಂದು ವಿವರಿಸುತ್ತಿದ್ದೆ. ಹುಡುಗನ ವಿಜ್ಞಾನ ಪುಸ್ತಕದ ಕೆಳಗೆ ಇನ್ನೊಂದು ಪುಸ್ತಕ ಇಣುಕುತ್ತಿತ್ತು. ಎಳೆದು ನೋಡಿದೆ. ರಟ್ಟು ಹರಿದ, ಅಂಚು ಕಂದಿದ ‘ತುಳಸೀದಳ’. ಅವನ ಅಜ್ಜನ ಮನೆಯ ಟ್ರಂಕಿನಲ್ಲಿ ಸಿಕ್ಕಿತಂತೆ. ಬಯ್ಯಬೇಕೆಂದು ಬಾಯಿ ತೆರೆದವನು ಹಾಗೆಯೇ ನಿಂತೆ. ಸುಮಾರು ನಲವತ್ತು ವರ್ಷಗಳ ಹಿಂದೆ ಇದೇ ಪುಸ್ತಕ ಹಿಡಿದುಕೊಂಡು ಇದೇ ಪ್ರಶ್ನೆಯನ್ನು ನಾನೂ ನನ್ನ ಸೋದರಮಾವನಿಗೆ ಕೇಳಿದ್ದೆ.

ನಮ್ಮದು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ನಾನು ಹೇಳುತ್ತಿರುವುದು 1986ರ ಬೇಸಿಗೆಯ ಮಾತು. ಕೊಪ್ಪಳ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರು ಜಿಲ್ಲೆಯಲ್ಲಿದ್ದವು, ಬೇರೆಯಾದದ್ದು 1997ರಲ್ಲಿ. ನನ್ನ ಸೋದರಮಾವ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಆ ಊರಿನ ಸುತ್ತಮುತ್ತ ಬಹಳ. ಭತ್ತ ತೂಗಿಸಲು ಬಂದ ಕ್ಯಾಂಪಿನವರು ಸರದಿಗಾಗಿ ಕಾಯುತ್ತ ‘ಆಂಧ್ರಭೂಮಿ’ ವಾರಪತ್ರಿಕೆಯಲ್ಲಿ ಹಿಂದೆ ಧಾರಾವಾಹಿಯಾಗಿ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳಂ’ ಕಥೆಯನ್ನು ಮಾವನಿಗೆ ಹೇಳುತ್ತಿದ್ದರಂತೆ. ಅದು ಕನ್ನಡಕ್ಕೆ ಬಂತು, 1985ರಲ್ಲಿ ಕನ್ನಡದಲ್ಲಿ ಸಿನಿಮಾ ಕೂಡ ಆಯಿತು. ಮಾವ ಆ ಕನ್ನಡ ಪುಸ್ತಕವನ್ನು ಯಾರಿಂದಲೋ ಎರವಲು ತಂದು ನನ್ನ ಕೈಗಿಟ್ಟರು.

ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ದುರಾಸೆಯ ಜನ ಮಾಡಿಸುವ ಕಾಷ್ಮೋರಾ ಪ್ರಯೋಗದ ಕಥೆ ಅದು. ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಾಂತ್ರಿಕರು. ಊಟವಾದ ಮೇಲೆ ಕಂದೀಲಿನ ಬೆಳಕಿನಲ್ಲಿ ನಾನು ಗಟ್ಟಿಯಾಗಿ ಓದುವುದು, ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಕುಳಿತು ಕೇಳುವುದು. ಎದುರು ಮನೆಯ ಅಜ್ಜಿ ಎಲ್ಲರಿಗಿಂತ ಮುಂದೆ. ಮಕ್ಕಳಿಲ್ಲದ ಒಂಟಿ ಜೀವ. “ಇನ್ನೊಂದೀಟ ಓದೋ ತಮ್ಮಾ, ಕೂಸು ಏನಾತು ನೋಡೂಣು” ಎನ್ನುತ್ತಿದ್ದಳು. ಎಂಟು ವರ್ಷದ ನನ್ನ ತಂಗಿ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಕೇಳುತ್ತಿದ್ದಳು.

ಪುಸ್ತಕ ಮುಗಿದ ವಾರವೇ ತಂಗಿಗೆ ಜ್ವರ ಬಂತು. ಸಂಜೆಯಾದರೆ ಏರುತ್ತಿತ್ತು, ನಿದ್ದೆಯಲ್ಲಿ ಏನೇನೋ ಬಡಬಡಿಸುತ್ತಿದ್ದಳು. ನಮ್ಮ ಭಾಗದಲ್ಲಿ ಬಾನಾಮತಿ ಎಂಬ ಹೆಸರು ಯಾರಿಗೂ ಹೊಸದಲ್ಲ. ಈಗ ಅದರ ಜೊತೆಗೆ ಕಾಷ್ಮೋರಾ ಎಂಬ ಇನ್ನೊಂದು ಹೆಸರೂ ಸೇರಿತ್ತು. ಅದನ್ನು ಓಣಿಗೆ ಕಲಿಸಿಕೊಟ್ಟವನು ನಾನೇ. ಬೇರೆ ಊರಿನಿಂದ ಮಂತ್ರವಾದಿಯೊಬ್ಬನನ್ನು ಕರೆಸಿದರು. ಅವನು ಹಿತ್ತಲು ಅಗೆಸಿದ. ತಿಪ್ಪೆಯ ಪಕ್ಕದಲ್ಲಿ ಮಣ್ಣು ಮೆತ್ತಿದ ಒಂದು ಅರಿವೆಯ ಗೊಂಬೆ ಸಿಕ್ಕಿತು. “ಮಾಡಿಸ್ಯಾರ. ಸಮೀಪದವರ ಮಾಡಿಸ್ಯಾರ” ಎಂದ. ಎಲ್ಲರ ಕಣ್ಣೂ ಎದುರು ಮನೆಯ ಕಡೆ ಹೋಯಿತು.

ಆ ಗೊಂಬೆ ನನ್ನ ತಂಗಿಯದೇ. ಹಿಂದಿನ ವರ್ಷ ಜಗಳವಾಡಿ, ಅವಳ ಮೇಲಿನ ಸಿಟ್ಟಿಗೆ ಅದನ್ನು ಅಲ್ಲಿ ಹೂತವನು ನಾನು. ನೋಡಿದ ಕೂಡಲೇ ಗುರುತು ಸಿಕ್ಕಿತು. ಹೇಳಿದರೆ ಅಪ್ಪನ ಕೈಯಲ್ಲಿ ಹೊಡೆತ ತಿನ್ನಬೇಕಲ್ಲ ಎಂದು ಬಾಯಿ ಮುಚ್ಚಿಕೊಂಡು ನಿಂತೆ. ಹನ್ನೊಂದು ದಿನ ನಿಂಬೆಹಣ್ಣು, ತಾಯಿತ, ಹೊಗೆಯಲ್ಲಿ ಕಳೆದವು. ಹನ್ನೆರಡನೆಯ ದಿನ ಮಾವ ಬಂದವರು ಎಲ್ಲರಿಗೂ ಬಯ್ದು, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಗಂಗಾವತಿಯ ಬಸ್ಸು ಹತ್ತಿದರು. ಟೈಫಾಯ್ಡು. “ಇನ್ನೆರಡು ದಿನ ಬಿಟ್ಟಿದ್ರ ನನ್ನ ಕೈಯಾಗೂ ಇರ್ತಿರಲಿಲ್ಲ” ಎಂದರಂತೆ ಡಾಕ್ಟರು. ತಂಗಿ ಉಳಿದಳು. ಅವಳ ಎಡಗಿವಿ ಮಾತ್ರ ಅಂದಿನಿಂದ ಮಂದವಾಯಿತು. ಎದುರು ಮನೆಯ ಅಜ್ಜಿ ಮತ್ತೆ ನಮ್ಮ ಪಡಸಾಲೆ ತುಳಿಯಲಿಲ್ಲ. ಯಾರೂ ಬಾ ಎನ್ನಲೂ ಇಲ್ಲ. ಎರಡು ವರ್ಷದ ಮೇಲೆ ತೀರಿಹೋದಳು.

ನನ್ನ ಸಿಟ್ಟೆಲ್ಲ ಆ ಪುಸ್ತಕ ಬರೆದವನ ಮೇಲೆ ತಿರುಗಿತು. ಅವನು ಹೇಗಿರಬಹುದು? ಕೆಂಗಣ್ಣು, ಕೆದರಿದ ಕೂದಲು, ಅಮಾವಾಸ್ಯೆಯ ರಾತ್ರಿ ಸುಡುಗಾಡಿನಲ್ಲಿ ಕುಳಿತು ಬರೆಯುವವನು ಎಂದೇ ನನ್ನ ಕಲ್ಪನೆ.

ಕೊಪ್ಪಳದಲ್ಲಿ ಬಿಎಸ್ಸಿ ಓದುವಾಗ ಪತ್ರಿಕೆಯೊಂದರಲ್ಲಿ ಅವರ ಪರಿಚಯ ಕಣ್ಣಿಗೆ ಬಿತ್ತು. ಯಂಡಮೂರಿ ಚಾರ್ಟರ್ಡ್ ಅಕೌಂಟೆಂಟು! ರಾಜ್ಯ ಹಣಕಾಸು ಸಂಸ್ಥೆಯಲ್ಲಿ ಐದು ವರ್ಷ, ಆಂಧ್ರ ಬ್ಯಾಂಕಿನಲ್ಲಿ ಹತ್ತು ವರ್ಷ ಕೆಲಸ ಮಾಡಿ, ಬರವಣಿಗೆಯಿಂದಲೇ ಬದುಕಬಹುದೆಂಬ ಧೈರ್ಯ ಬಂದ ಮೇಲೆ ನೌಕರಿ ಬಿಟ್ಟವರು. ನನಗೆ ಯಾರೋ ಮೋಸ ಮಾಡಿದಂತಾಯಿತು. ನಮ್ಮ ಓಣಿಯನ್ನು ನಡುಗಿಸಿದ ಮನುಷ್ಯ ಸಾಲದ ಕಡತ ನೋಡುವವನೇ? ಜಮಾ-ಖರ್ಚು ತಾಳೆ ಹಾಕುವವನೇ?

ನಿಧಾನವಾಗಿ ಯೋಚಿಸಿದಾಗ ಅದರಲ್ಲಿ ಆಶ್ಚರ್ಯವೇನೂ ಇಲ್ಲವೆನ್ನಿಸಿತು. ವಾರಪತ್ರಿಕೆಗೆ ಧಾರಾವಾಹಿ ಬರೆಯುವವನಿಗೆ ಅಮಾವಾಸ್ಯೆಗಾಗಿ ಕಾಯುವ ಪುರಸೊತ್ತು ಎಲ್ಲಿದೆ? ವಾರಕ್ಕೊಂದು ಕಂತು ಹೊತ್ತಿಗೆ ಸರಿಯಾಗಿ ಅಚ್ಚಿಗೆ ಹೋಗಬೇಕು. ಮನೆಯಲ್ಲಿ ಮಗುವಿಗೆ ನೆಗಡಿಯಾಗಿರಲಿ, ನೆಂಟರು ಬಂದಿರಲಿ, ಪುಟ ತುಂಬಲೇಬೇಕು. ಯಾವುದನ್ನು ಈ ವಾರ ಹೇಳುವುದು, ಯಾವುದನ್ನು ಮುಂದಿನ ವಾರಕ್ಕೆ ಉಳಿಸುವುದು ಎಂಬುದು ಶುದ್ಧ ಲೆಕ್ಕಾಚಾರ. ಬಾಗಿಲ ಹಿಂದೆ ಏನಿದೆಯೆಂದು ಹೇಳಿಬಿಟ್ಟರೆ ಭಯ ಮುಗಿಯಿತು. ಬಾಗಿಲು ಕಿರ್ರೆಂದಿತು ಎಂದು ನಿಲ್ಲಿಸಿದರೆ ಓದುಗ ಏಳು ದಿನ ಒದ್ದಾಡುತ್ತಾನೆ. ನಾವು ಮೇಷ್ಟ್ರುಗಳೂ ಪಿರಿಯಡ್ಡಿನ ಕೊನೆಗೆ ಇದನ್ನೇ ಮಾಡುತ್ತೇವೆ, ಮಕ್ಕಳು ಒದ್ದಾಡುವುದಿಲ್ಲ ಅಷ್ಟೇ.

ನನ್ನನ್ನು ಇನ್ನೂ ಹತ್ತಿರದಿಂದ ತಟ್ಟಿದ್ದು ಅಮೆರಿಕದ ಸ್ಟೀಫನ್ ಕಿಂಗ್ ಅವರ ಕಥೆ. ಅವರೂ ನನ್ನಂತೆ ಹೈಸ್ಕೂಲು ಮೇಷ್ಟ್ರು. ಮೇನ್ ರಾಜ್ಯದ ಹ್ಯಾಂಪ್ಡನ್ ಅಕಾಡೆಮಿಯಲ್ಲಿ 1971ರಿಂದ ಇಂಗ್ಲಿಷ್ ಕಲಿಸುತ್ತಿದ್ದರು. ಸಂಬಳ ವರ್ಷಕ್ಕೆ 6,400 ಡಾಲರ್, ಇಬ್ಬರು ಚಿಕ್ಕ ಮಕ್ಕಳು, ಬೇಸಿಗೆ ರಜೆಯಲ್ಲಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿತ. ವಾಸ ಒಂದು ಬಾಡಿಗೆ ಟ್ರೇಲರಿನಲ್ಲಿ. ದುಡ್ಡು ಉಳಿಸಲು ಮನೆಯ ಟೆಲಿಫೋನನ್ನೂ ತೆಗೆಸಿದ್ದರು. ಸಂಜೆ ಮಕ್ಕಳ ಪುಸ್ತಕ ತಿದ್ದಿ, ಇಕ್ಕಟ್ಟು ಕೋಣೆಯೊಂದರಲ್ಲಿ ಹೆಂಡತಿಯ ಟೈಪ್‌ರೈಟರಿನ ಮೇಲೆ ಬರೆಯುತ್ತಿದ್ದರು. ‘ಕ್ಯಾರಿ’ ಕಾದಂಬರಿಯ ಮೊದಲ ಪುಟಗಳನ್ನು ಸರಿಬರಲಿಲ್ಲವೆಂದು ಕಸದ ಬುಟ್ಟಿಗೆ ಹಾಕಿದಾಗ, ಹೆಂಡತಿ ಟ್ಯಾಬಿತಾ ಅವನ್ನು ಎತ್ತಿ ಓದಿ, ಮುಂದುವರಿಸಿ ಎಂದರು. 1974ರಲ್ಲಿ ಅದು ಪ್ರಕಟವಾಯಿತು. ಮುಂಗಡ ಹಣ 2,500 ಡಾಲರ್. ಅದೇ ಪುಸ್ತಕದ ಅಗ್ಗದ ಆವೃತ್ತಿಯ ಹಕ್ಕು 4 ಲಕ್ಷ ಡಾಲರಿಗೆ ಮಾರಾಟವಾದಾಗ ಅರ್ಧ ಅವರ ಪಾಲಿಗೆ ಬಂತು. ಮೇಷ್ಟ್ರಿಕೆ ಬಿಟ್ಟರು.

ಆಮೇಲೆ ಸುಖವಾಗಿ ಕುಳಿತರೇ? ಇಲ್ಲ. ದಿನಕ್ಕೆ 2,000 ಪದ ಬರೆಯದೆ ಮೇಜು ಬಿಡುವುದಿಲ್ಲವೆಂಬ ತಮ್ಮ ನಿಯಮವನ್ನು 2000ದಲ್ಲಿ ಬಂದ ಬರವಣಿಗೆಯ ಕುರಿತ ಪುಸ್ತಕದಲ್ಲಿ ಅವರೇ ಹೇಳಿಕೊಂಡಿದ್ದಾರೆ. 1999ರ ಜೂನಿನಲ್ಲಿ ರಸ್ತೆ ಬದಿಯಲ್ಲಿ ನಡೆಯುತ್ತಿದ್ದಾಗ ವ್ಯಾನೊಂದು ಬಡಿದು ಸಾವಿನ ಹತ್ತಿರ ಹೋಗಿ ಬಂದರು. ಲೋಕವನ್ನೆಲ್ಲ ದೆವ್ವದಿಂದ ಹೆದರಿಸಿದವರನ್ನು ಮಲಗಿಸಿದ್ದು ದೆವ್ವವಲ್ಲ, ಅಡ್ಡಾದಿಡ್ಡಿ ಓಡಿದ ಒಂದು ವಾಹನ. ಐದು ವಾರದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ಮತ್ತೆ ಬರೆಯತೊಡಗಿದರು. ನಮ್ಮ ರೈತ ಬರಗಾಲದ ಮರುವರ್ಷವೂ ಕೂರಿಗೆ ಹೂಡುತ್ತಾನಲ್ಲ, ಹಾಗೆ.

ಇಷ್ಟೆಲ್ಲ ತಿಳಿದ ಮೇಲೂ ‘ತುಳಸೀದಳ’ದ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ತಿಳಿಯಾಗಿರಲಿಲ್ಲ. ತೆಲುಗಿನ ಲೇಖಕಿ ರಂಗನಾಯಕಮ್ಮ ಅದನ್ನು ಖಂಡಿಸಿ ಒಂದು ಪುಸ್ತಕವನ್ನೇ ಬರೆದರು. ಔಷಧವೋ ಮಂತ್ರವೋ ಎಂಬ ಬಾಗಿಲನ್ನು ಕಾದಂಬರಿಕಾರರು ಅರ್ಧ ತೆರೆದೇ ಇಡುತ್ತಾರೆ. ಕಥೆಗೆ ಅದರಿಂದ ಲಾಭ. ನಮ್ಮ ಮನೆಗೆ ಅದೇ ಬಾಗಿಲಿನಿಂದ ಗಾಳಿ ನುಗ್ಗಿತು. ವಿಜ್ಞಾನ ಕಲಿಸುವವನು ಇದನ್ನು ಮರೆಯಲಾರ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆಂದೇ ಸಮಿತಿ ರಚಿಸಿದ್ದರು. ಅವರು ಭೌತಶಾಸ್ತ್ರದ ಮೇಷ್ಟ್ರು ಎಂಬುದು ನಮ್ಮಂಥವರಿಗೆ ಹೆಮ್ಮೆ. ಬಾನಾಮತಿ, ಮಾಟದ ಹೆಸರಿನ ಹಿಂಸೆಯನ್ನು ತಡೆಯುವ ಕಾನೂನನ್ನು ನಮ್ಮ ರಾಜ್ಯ 2017ರಲ್ಲಿ ಮಾಡಿತು, 2020ರಲ್ಲಿ ಜಾರಿಗೆ ತಂದಿತು. ಎದುರು ಮನೆಯ ಅಜ್ಜಿಯ ಕಾಲಕ್ಕೆ ಅದು ಇರಲಿಲ್ಲ.

ನನ್ನ ಲೆಕ್ಕವನ್ನು ಸರಿಪಡಿಸಿದ್ದು ‘ನಾಳೆ ಬಾ’. 1990ರ ದಶಕದಲ್ಲಿ ರಾತ್ರಿ ಬಾಗಿಲು ಬಡಿಯುವ ಹೆಣ್ಣು ದೆವ್ವದ ಸುದ್ದಿ ಹಬ್ಬಿ, ಜನ ಬಾಗಿಲಿನ ಮೇಲೆ ಹಾಗೆ ಬರೆದುಕೊಂಡದ್ದು ನಿಮಗೂ ನೆನಪಿರಬಹುದು. ನಮ್ಮ ಓಣಿಯ ಬಾಗಿಲುಗಳ ಮೇಲೂ ಸುಣ್ಣದಲ್ಲಿ ಆ ಎರಡು ಪದ ಮೂಡಿದವು. ಆಗ ಬಿಎಡ್ ಮುಗಿಸಿದ್ದ ನಾನು ಒಂದು ಸಂಜೆ ಅವನ್ನು ನೋಡುತ್ತ ನಡೆದೆ. ಈ ಕಥೆಗೆ ಲೇಖಕನಿಲ್ಲ, ಬೆಲೆಯಿಲ್ಲ, ಮುಖಪುಟದ ಮೇಲೆ ‘ಕಾದಂಬರಿ’ ಎಂಬ ಮಾತಿಲ್ಲ, ಕೇಳೋಣವೆಂದರೆ ವಿಳಾಸವಿಲ್ಲ. ಯಂಡಮೂರಿಯವರ ಪುಸ್ತಕದ ಮೇಲಾದರೋ ಅವರ ಹೆಸರಿತ್ತು, ಇದು ಕಟ್ಟಿದ ಕಥೆಯೆಂಬ ಮಾತಿತ್ತು. ನಮ್ಮ ಹಿತ್ತಲಿನ ಗೊಂಬೆಗೆ ಅದು ಇರಲಿಲ್ಲ. ನಾನೊಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಬೇಸಿಗೆ ನಮ್ಮ ಓಣಿಯಲ್ಲಿ ಹೆಸರು ಹಾಕದೆ ದೆವ್ವದ ಕಥೆ ಬರೆದವನು ನಾನೇ.

ಇದನ್ನು ತಂಗಿಗೆ ಹೇಳಲು ಮತ್ತೂ ಹದಿನೈದು ವರ್ಷ ಬೇಕಾಯಿತು. ಅವಳನ್ನು ಕುಷ್ಟಗಿಗೆ ಕೊಟ್ಟಿದೆ. ಅವಳ ಮಗನ ಜವಳಕ್ಕೆ ಹೋದಾಗ, ಅವಳ ಬಲಗಿವಿಯ ಕಡೆ ಕುಳಿತು, ಗೊಂಬೆಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಗೊಂಬಿ ಕದ್ದಾವ ನೀನ ಅಂತ ನನಗ ಆವಾಗ ಗೊತ್ತಿತ್ತು ಅಣ್ಣಾ. ಜ್ವರ ನೀ ತಂದದ್ದಲ್ಲ, ಪುಸ್ತಕ ತಂದದ್ದೂ ಅಲ್ಲ. ಖರೇ ಅಂದ್ರ, ಆಮ್ಯಾಲೆ ನಾನೂ ಅದನ್ನ ಎರಡು ಸಲ ಓದೀನಿ, ಚೊಲೊ ಐತಿ” ಎಂದಳು. ಆಮೇಲೆ ಮೆಲ್ಲಗೆ, “ಆದ್ರ ಆ ಆಯಿಗೆ ಹೇಳಬೇಕಿತ್ತು ನೀನು” ಎಂದಳು.

ಅದಕ್ಕೆ ಉತ್ತರ ನನ್ನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ತರಗತಿಯ ಹುಡುಗನಿಗೆ ಮಾತ್ರ ಉತ್ತರ ಕೊಟ್ಟೆ. “ಬರೆಯುವವನಿಗೆ ಅಂಜಿಕೆ ಕಡಿಮೆಯೇ ಇರಬೇಕಪ್ಪಾ. ದೆವ್ವ ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತಿರುತ್ತದಲ್ಲ. ನೀನೂ ಒಂದು ಬರೆದು ನೋಡು. ಕೆಳಗೆ ನಿನ್ನ ಹೆಸರು ಹಾಕು. ಕೊನೆಯ ಪುಟದಲ್ಲಿ ಆ ಸಪ್ಪಳ ನಿಜವಾಗಿ ಯಾವುದರದು ಅಂತ ವಿಜ್ಞಾನದ ಪ್ರಕಾರ ಬರಿ” ಎಂದು ಪುಸ್ತಕ ವಾಪಸು ಕೊಟ್ಟೆ.

ಸೋಮವಾರ ಬರೆದು ತಂದ. ಹಾಸ್ಟೆಲಿನ ನೀರಿನ ಟಾಕಿಯಲ್ಲಿ ಯಾರೋ ರಾತ್ರಿ ಮೂರು ಸಲ ತಟ್ಟುವ ಕಥೆ. ಕಾಗುಣಿತದ ತಪ್ಪುಗಳು ಹೇರಳ. ಕೊನೆಯ ಪುಟದಲ್ಲಿ, ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ ನೀರಿನೊಂದಿಗೆ ಹೊರನುಗ್ಗುವಾಗ ಸದ್ದಾಗುತ್ತದೆ ಎಂದು ಚಿತ್ರ ಸಮೇತ ವಿವರಿಸಿದ್ದ. ಹತ್ತಕ್ಕೆ ಒಂಬತ್ತು ಕೊಟ್ಟೆ.

ಆ ರಾತ್ರಿ ಹಿತ್ತಲಿನ ಮೋಟಾರು ಬಂದ್ ಮಾಡಲು ಹೋದಾಗ ನಮ್ಮ ಟಾಕಿಯೂ ಮೂರು ಸಲ ‘ಟಕ್’ ಎಂದಿತು. ಕಾರಣ ಗೊತ್ತಿತ್ತು. ಆದರೂ ಒಮ್ಮೆ ಹಿಂದಿರುಗಿ ನೋಡಿ, ಚಪ್ಪಲಿಯನ್ನೂ ಮೆಟ್ಟದೆ ಒಳಗೆ ಬಂದುಬಿಟ್ಟೆ. ಮರುದಿನ ಅವನ ಇನ್ನೊಂದು ಅಂಕವನ್ನೂ ಸೇರಿಸಿದೆ.