ಅಜ್ಜಿಯ ವಾಕರ್ ಮತ್ತು ಬೊಗ್ಗು

ನಮ್ಮ ಕಡೆ ನಾಯಿಗೆ ತರಬೇತಿ ಕೊಡುವುದು ಎಂದರೆ ಜನ ನಗುತ್ತಾರೆ. ನಾಯಿ ಎಂದರೆ ಜಗಲಿಯ ಮೂಲೆಯಲ್ಲಿ ಬಿದ್ದುಕೊಂಡು, ಉಳಿದ ಅನ್ನ ತಿಂದು, ತೋಟಕ್ಕೆ ಮಂಗ ಬಂದಾಗ ಬೊಗಳಿ, ರಾತ್ರಿ ಹಂದಿ ಓಡಿಸಿ, ತನ್ನಷ್ಟಕ್ಕೆ ದೊಡ್ಡದಾಗುವ ಪ್ರಾಣಿ. ಅದಕ್ಕೆ ಕಲಿಸುವುದೆಂತ? ಪೇಟೆಯವರು ದುಡ್ಡು ಕೊಟ್ಟು ತರುವ ಲ್ಯಾಬ್ರಡಾರಿಗೆ 'ಸಿಟ್', 'ಶೇಕ್ ಹ್ಯಾಂಡ್' ಎಲ್ಲ ಸರಿ, ಪಕ್ಕದ ಮನೆಯ ಕಟ್ಟಿಗೆ ರಾಶಿಯ ಅಡಿಯಲ್ಲಿ ಹುಟ್ಟಿದ ಕಾಟು ನಾಯಿಗೆ ಯಾಕೆ ಅದೆಲ್ಲ ಎಂಬುದು ಊರಿನ ಅಭಿಪ್ರಾಯ. ಬೊಗ್ಗು ಬರುವವರೆಗೆ ನಮ್ಮ ಮನೆಯಲ್ಲಿಯೂ ಯಾರೂ ಈ ಅಭಿಪ್ರಾಯವನ್ನು ಪ್ರಶ್ನಿಸಿದವರಲ್ಲ.

ಪ್ರಶ್ನೆ ಎದ್ದದ್ದು ಅಜ್ಜಿಯ ಕಾರಣದಿಂದ. ಕಳೆದ ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಅಜ್ಜಿಯ ಸೊಂಟದ ಹತ್ತಿರ ಎಲುಬು ಮುರಿದಿತ್ತು. ಆಪರೇಷನ್ ಆಯಿತು. 82 ವರ್ಷದ ಜೀವ, ಮೂರು ತಿಂಗಳು ಮಂಚದಲ್ಲಿದ್ದು, ಮತ್ತೆ ವಾಕರ್ ಹಿಡಿದು ಕೋಣೆಯಿಂದ ಚಾವಡಿಗೆ, ಚಾವಡಿಯಿಂದ ಬಚ್ಚಲಿಗೆ ಎಂದು ಟಕ್ ಟಕ್ ನಡೆಯಲು ಸುರುಮಾಡಿತ್ತು. ಇನ್ನೊಮ್ಮೆ ಬಿದ್ದರೆ ಏಳಿಸುವುದು ಕಷ್ಟ ಎಂದು ಡಾಕ್ಟ್ರು ಅಪ್ಪನನ್ನು ಹೊರಗೆ ಕರೆದು ಹೇಳಿದ್ದರು. ಆ ಹೊತ್ತಿಗೆ ಸರಿಯಾಗಿ ಬೊಗ್ಗು ಬಂದ. ಎರಡು ತಿಂಗಳ ಮರಿ, ಕಂದು ಬಣ್ಣ, ಒಂದು ಕಿವಿ ಮಾತ್ರ ನೆಟ್ಟಗೆ.

ಮರಿಯನ್ನು ಹೊರಗೆ ಕಟ್ಟಿದರಾಯಿತಲ್ಲ ಎಂದು ನೀವು ಕೇಳಬಹುದು. ನಮ್ಮದು ಘಟ್ಟದ ಬುಡದ ಮನೆ. ಹಿಂದಿನ ನಾಯಿಯನ್ನು ಚಿರತೆ ಜಗಲಿಯಿಂದಲೇ ಎತ್ತಿಕೊಂಡು ಹೋದದ್ದು. ಬೆಳಿಗ್ಗೆ ಸಂಕೋಲೆ ಮಾತ್ರ ಉಳಿದಿತ್ತು. ಅಮ್ಮ ಅದನ್ನು ಇನ್ನೂ ಮರೆತಿಲ್ಲ. ಹಾಗಾಗಿ ಕತ್ತಲಾದ ಮೇಲೆ ಬೊಗ್ಗು ಒಳಗೆ. ಅಜ್ಜಿಯೂ ಒಳಗೆ. ಸಮಸ್ಯೆ ಇದ್ದದ್ದು ಇಲ್ಲಿ.

ವಾಕರಿನ ಕಾಲಿಗೆ ರಬ್ಬರಿನ ಬೂಚು ಇರುತ್ತದಲ್ಲ, ಅದು ಬೊಗ್ಗುವಿಗೆ ಪ್ರಪಂಚದ ಅತಿ ರುಚಿಯ ವಸ್ತು. ಟಕ್ ಎಂದರೆ ಸಾಕು, ಎಲ್ಲಿದ್ದರೂ ಓಡಿಬಂದು ಕಚ್ಚುವುದು, ಇಲ್ಲದಿದ್ದರೆ ಮುಂಗಾಲು ಎತ್ತಿ ಅಜ್ಜಿಯ ಸೀರೆಗೆ ಹಾರುವುದು. ಆಗ ಮನೆಯ ನಾಲ್ಕು ಮೂಲೆಯಿಂದ ನಾಲ್ಕು ಸ್ವರ ಏಳುತ್ತಿತ್ತು. ಅಮ್ಮ ಅಡುಗೆಮನೆಯಿಂದ 'ಹಚಾ!', ಅಪ್ಪ ಜಗಲಿಯಿಂದ 'ಏಯ್ ಬೊಗ್ಗೂ!', ತಮ್ಮ ಓಡಿಬಂದು ಮರಿಯನ್ನು ಎತ್ತಿಕೊಳ್ಳುವುದು, ಅಜ್ಜಿ ಮಾತ್ರ 'ಬಿಡಿ ಮಾರಾಯ್ರೆ, ಅದಕ್ಕೆ ಎಂತ ಗೊತ್ತುಂಟು' ಎನ್ನುವುದು. ಒಂದು ವಾರ ಹೀಗೇ ನಡೆದ ಮೇಲೆ ಅಪ್ಪ ಊಟದ ಹೊತ್ತಿಗೆ ಹೇಳಿದರು: "ತಿಂಗಳ ಒಳಗೆ ಇದು ಸರಿಯಾಗದಿದ್ದರೆ ಯಾರಿಗಾದರೂ ಕೊಟ್ಟುಬಿಡುವ. ನಾಯಿ ಇನ್ನೊಂದು ಸಿಕ್ಕೀತು, ಅಮ್ಮ ಸಿಕ್ಕಲಿಕ್ಕಿಲ್ಲ." ಅಪ್ಪನ ಮಾತಿನಲ್ಲಿ ತಪ್ಪು ಹುಡುಕಲಿಕ್ಕೆ ಇರಲಿಲ್ಲ. ಮನೆಯಲ್ಲೇ ಕುಳಿತು ಕೆಲಸ ಮಾಡುವವಳು ನಾನು, ಹಾಗಾಗಿ ಕಲಿಸುವ ಕೆಲಸ ನನ್ನ ತಲೆಗೆ ಬಂತು.

ಊರಿನ ಸಲಹೆಗಳಿಗೆ ಕೊರತೆ ಇರಲಿಲ್ಲ. ಮೂತಿಗೆ ಒಂದು ಬಿಗಿ. ಉಚ್ಚೆ ಹೊಯ್ದಲ್ಲಿಗೆ ಮೂಗು ತಿಕ್ಕು. ಪೇಪರ್ ಸುರುಳಿ ಮಾಡಿ ಬಾರಿಸು. (ಪತ್ರಿಕೋದ್ಯಮ ಓದಿದವಳಿಗೆ ಪೇಪರಿನ ಈ ಉಪಯೋಗ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.) ಹೊಡೆಯುವುದರಲ್ಲಿ ದಯೆಯ ಪ್ರಶ್ನೆ ಒಂದು ಕಡೆ ಇರಲಿ, ಅದರಿಂದ ಕೆಲಸ ಆಗುವುದಿಲ್ಲ. ಹತ್ತು ನಿಮಿಷದ ಹಿಂದೆ ಮಾಡಿದ್ದಕ್ಕೆ ಈಗ ಪೆಟ್ಟು ಬಿದ್ದರೆ ಮರಿ ಅದನ್ನು ಇದಕ್ಕೆ ಜೋಡಿಸಿ ನೋಡುವುದಿಲ್ಲ. ಕೈ ಎತ್ತಿದವರನ್ನು ಕಂಡರೆ ಹೆದರಬೇಕು ಎಂಬುದಷ್ಟನ್ನೇ ಕಲಿಯುತ್ತದೆ. ಹೆದರಿದ ನಾಯಿ ಮುಂದೆ ಕಚ್ಚುವ ನಾಯಿಯಾಗುವುದು ಹೆಚ್ಚು.

ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದ ಕರೆನ್ ಪ್ರಯರ್ ಎಂಬ ಅಮೆರಿಕದ ಮಹಿಳೆ 1984ರಲ್ಲಿ 'ಡೋಂಟ್ ಶೂಟ್ ದ ಡಾಗ್' ಎಂಬ ಪುಸ್ತಕ ಬರೆದರು. ಬೇಡದ ಅಭ್ಯಾಸ ಬಿಡಿಸಲು ಎಂಟು ದಾರಿಗಳನ್ನು ಅದರಲ್ಲಿ ಹೇಳಿದ್ದಾರೆ. ಮೊದಲನೆಯ ದಾರಿಯೇ ಪ್ರಾಣಿಯನ್ನು ಇಲ್ಲವಾಗಿಸುವುದು. ಅದು ಖಂಡಿತ ಫಲ ಕೊಡುತ್ತದೆ, ಆದರೆ ಯಾರೂ ಏನೂ ಕಲಿಯುವುದಿಲ್ಲ. ಅಪ್ಪನ ಒಂದು ತಿಂಗಳ ಗಡುವು ಈ ಮೊದಲನೆಯ ದಾರಿ. ನನಗೆ ಬೇಕಾದದ್ದು ಉಳಿದವುಗಳಲ್ಲಿ ಎಲ್ಲೋ ಇತ್ತು.

ಮೊದಲು ಅರ್ಥವಾಗಬೇಕಾದ್ದು, ಮರಿ ಹಾರುವುದು ಯಾಕೆ ಎಂದು. 1898ರಷ್ಟು ಹಿಂದೆಯೇ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದ್ದ. ಬೆಕ್ಕು ಪರಚುತ್ತದೆ, ಕಚ್ಚುತ್ತದೆ, ಹೇಗೋ ಒಮ್ಮೆ ಅಗಳಿ ತಪ್ಪಿ ಬಾಗಿಲು ತೆರೆಯುತ್ತದೆ. ಮತ್ತೆ ಮತ್ತೆ ಒಳಗೆ ಹಾಕಿದಾಗ ಕೆಲಸಕ್ಕೆ ಬಾರದ್ದನ್ನು ಬಿಟ್ಟು ಬಾಗಿಲು ತೆರೆಸಿದ್ದನ್ನೇ ಮಾಡತೊಡಗುತ್ತದೆ. ಬೊಗ್ಗುವಿನ ಬಾಗಿಲು ನಾವು. ಅವನು ಸುಮ್ಮನೆ ಮಲಗಿದ್ದಾಗ ಮನೆಯಲ್ಲಿ ಯಾರೂ ಅವನತ್ತ ನೋಡುವುದಿಲ್ಲ. ಪಾಪ ಮಲಗಿದೆ, ಏಳಿಸುವುದು ಬೇಡ ಎಂದು ಬಳಸಿಕೊಂಡು ಹೋಗುತ್ತೇವೆ. ಅಜ್ಜಿಯ ಮೇಲೆ ಹಾರಿದ ಕ್ಷಣಕ್ಕೆ ನಾಲ್ಕು ಜನ ಅವನ ಹೆಸರು ಕರೆಯುತ್ತಾರೆ, ಒಬ್ಬ ಎತ್ತಿಕೊಳ್ಳುತ್ತಾನೆ. 'ಹಚಾ' ಎಂಬುದು ಬೈಗುಳ ಎಂದು ನಮಗೆ ಗೊತ್ತು. ಅವನಿಗೆ ಅದು ತನ್ನ ಎರಡನೆಯ ಹೆಸರು.

ಇದು ನನ್ನ ಊಹೆ ಮಾತ್ರ ಅಲ್ಲ. ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ನಮ್ಮ ಬೀದಿನಾಯಿಗಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಅಪರಿಚಿತರು ಮತ್ತೆ ಮತ್ತೆ ಬಂದು ಕೆಲವು ನಾಯಿಗಳಿಗೆ ತಿಂಡಿ ಕೊಟ್ಟು, ಕೆಲವಕ್ಕೆ ತಲೆ ಸವರಿ ನೋಡಿದಾಗ, ದಿನ ಕಳೆದಂತೆ ನಂಬಿಕೆ ಹೆಚ್ಚು ಬೆಳೆದದ್ದು ತಲೆ ಸವರಿದವರ ಮೇಲೆ ಎಂದು 2017ರಲ್ಲಿ ಅವರು ಪ್ರಕಟಿಸಿದರು. ಲ್ಯಾಬ್ರಡಾರ್ ಅಲ್ಲ, ನಮ್ಮ ಬೊಗ್ಗುವಿನ ನೆಂಟರಿಷ್ಟರು. ಅವುಗಳಿಗೆ ಅನ್ನ ಸಾಕು ಎಂದುಕೊಂಡವರು ಇದನ್ನು ಓದಬೇಕು.

ಹಾಗಾಗಿ ಮನೆಯಲ್ಲಿ ಒಂದು ಕಾನೂನು ತಂದೆ. ಬೊಗ್ಗು ಹಾರಿದರೆ ಯಾರೂ ಮಾತಾಡಬಾರದು, ನೋಡಬಾರದು, ಮುಟ್ಟಬಾರದು. ಕೈ ಕಟ್ಟಿ ಮಾಡಿನ ಹಂಚು ಎಣಿಸಬೇಕು. ನಾಲ್ಕು ಕಾಲು ನೆಲಕ್ಕೆ ತಾಗಿದ ಕೂಡಲೇ 'ಭೇಷ್' ಎಂದು ತಲೆ ಸವರಬೇಕು. ಇನ್ನೂ ಮುಖ್ಯವಾದದ್ದು, ಅವನು ತನ್ನಷ್ಟಕ್ಕೆ ಮಲಗಿರುವಾಗ ಆಚೆ ಈಚೆ ಹೋಗುವವರು ಒಂದು ಕ್ಷಣ ಬಗ್ಗಿ ಮಾತಾಡಿಸಿ ಹೋಗಬೇಕು. ತಮ್ಮನಿಗೆ ಇದು ಆಟವಾಯಿತು. ಅಮ್ಮನಿಗೆ ಸುಮ್ಮನಿರುವುದು ಕಷ್ಟವಾಯಿತು. ಐವತ್ತು ವರ್ಷ 'ಹಚಾ' ಎಂದ ನಾಲಗೆ.

ಮೂರು ದಿನ ಚೆನ್ನಾಗಿತ್ತು. ನಾಲ್ಕನೆಯ ದಿನ ಬೊಗ್ಗು ಹುಚ್ಚು ಹಿಡಿದವನ ಹಾಗೆ ಬೊಗಳಿದ, ಮೊದಲಿಗಿಂತ ಎತ್ತರಕ್ಕೆ ಹಾರಿದ, ನನ್ನ ಚೂಡಿದಾರದ ತುದಿ ಹರಿದ. 'ನಿನ್ನ ವಿದ್ಯೆ ಸಾಕು' ಎಂದರು ಅಪ್ಪ. ಆದರೆ ಇದು ಬರುವಂಥದ್ದೇ. ಟಿವಿಯ ರಿಮೋಟಿನ ಬ್ಯಾಟರಿ ಮುಗಿದಾಗ ನಾವು ಮಾಡುವುದೂ ಇದನ್ನೇ. ಒಮ್ಮೆ ಒತ್ತಿದರೆ ಆಗಲಿಲ್ಲ, ಜೋರಾಗಿ ಒತ್ತುತ್ತೇವೆ, ಹತ್ತು ಸಲ ಒತ್ತುತ್ತೇವೆ, ಅಂಗೈಗೆ ಬಡಿಯುತ್ತೇವೆ, ಕೊನೆಗೆ ಬಿಡುತ್ತೇವೆ. ಆ ಹತ್ತನೆಯ ಒತ್ತಿಗೆ ಟಿವಿ ಹತ್ತಿಬಿಟ್ಟಿತೆಂದು ಇಟ್ಟುಕೊಳ್ಳಿ, ಮುಂದೆ ಹತ್ತು ಸಲ ಒತ್ತುವುದೇ ಅಭ್ಯಾಸವಾಗುತ್ತದೆ. ಮರಿ ಜೋರು ಮಾಡಿದ ದಿನ ಮನೆಯವರು ಸೋತರೆ, ಜೋರು ಮಾಡುವುದನ್ನೇ ಕಲಿಸಿದ ಹಾಗೆ.

ಅಪ್ಪನ ಕಾಫಿಯ ಕಥೆಯೂ ಇದೇ ಜಾತಿಯದ್ದು. ಸಂಜೆ ಕಾಫಿಗೆ ಕುಳಿತಾಗ ಬೊಗ್ಗು ಮೊಣಕಾಲಿಗೆ ಕೆರೆಯುತ್ತಾನೆ. ಅಪ್ಪ ನಾಲ್ಕು ದಿನ ಗದರಿಸುತ್ತಾರೆ, ಐದನೆಯ ದಿನ 'ಹೋಗಲಿ ಪಾಪ' ಎಂದು ಬಿಸ್ಕತ್ತಿನ ಚೂರು ಹಾಕುತ್ತಾರೆ. ದಿನಾ ಕೊಡುವುದಕ್ಕಿಂತ ಇದು ಕೆಟ್ಟದ್ದು. ಯಾವಾಗ ಸಿಕ್ಕೀತು ಎಂದು ಗೊತ್ತಿಲ್ಲದ ಬಹುಮಾನ ಅಭ್ಯಾಸವನ್ನು ಬಹಳ ಗಟ್ಟಿಯಾಗಿ ಹಿಡಿದಿಡುತ್ತದೆ ಎಂದು ಸ್ಕಿನ್ನರ್ ಎಂಬವರು ಪಾರಿವಾಳ, ಇಲಿಗಳಲ್ಲಿ ತೋರಿಸಿದ್ದಾರೆ. ಲಾಟರಿಯ ಆಸೆ ಬಿಡದಿರುವುದೂ ಅದಕ್ಕೇ. ಇದನ್ನು ಅಪ್ಪನಿಗೆ ಹೇಳಿದೆ. ಕಾಫಿ ಮುಗಿದ ಮೇಲೆ, ಬೊಗ್ಗುವಿನ ತಟ್ಟೆಗೇ ಹಾಕುವುದು ಎಂದು ರಾಜಿಯಾಯಿತು.

ಆದರೆ ಅಲಕ್ಷ್ಯ ಒಂದರಿಂದಲೇ ಅಜ್ಜಿಯ ಕಾಲು ಉಳಿಯುವುದಿಲ್ಲ. ವಾಕರ್ ಹಿಡಿದ ಅಜ್ಜಿಗೆ ಕೈ ಕಟ್ಟಿ ಹಂಚು ನೋಡು ಎಂದು ಹೇಳಲಾಗುತ್ತದೆಯೇ? ಹಾರಬೇಡ ಎಂದು ಕಲಿಸುವುದಕ್ಕಿಂತ, ಹಾರುವ ಬದಲು ಎಂತ ಮಾಡಬೇಕು ಎಂದು ಕಲಿಸುವುದು ಸುಲಭ. ಒಂದೇ ಹೊತ್ತಿಗೆ ಗೋಣಿಯ ಮೇಲೆ ಕೂತಿರುವುದೂ ಅಜ್ಜಿಯ ಮೇಲೆ ಹಾರುವುದೂ ಯಾವ ನಾಯಿಗೂ ಸಾಧ್ಯವಿಲ್ಲ. ಚಾವಡಿಯ ಮೂಲೆಯಲ್ಲಿ ಒಂದು ಅಡಿಕೆ ಗೋಣಿ ಮಡಚಿ ಹಾಕಿದೆ. ಅಜ್ಜಿ ಕುರ್ಚಿಯಲ್ಲಿ ಕೂತಲ್ಲಿಂದಲೇ ವಾಕರನ್ನು ಒಮ್ಮೆ ಟಕ್ ಎನಿಸುವುದು, ನಾನು ಗೋಣಿಯ ಮೇಲೆ ತೆಂಗಿನಕಾಯಿಯ ಸಣ್ಣ ಚೂರು ಹಾಕುವುದು. ದಿನಕ್ಕೆ ನಾಲ್ಕು ಸಲ, ಒಂದು ಸಲಕ್ಕೆ ಐದು ನಿಮಿಷ, ಅದಕ್ಕಿಂತ ಹೆಚ್ಚು ಮರಿಯ ತಲೆಗೆ ಹೋಗುವುದಿಲ್ಲ. ವಾರದಲ್ಲಿ ಟಕ್ ಎಂದರೆ ಗೋಣಿಗೆ ಓಡತೊಡಗಿದ. ಆಮೇಲೆ ಅಜ್ಜಿ ಎದ್ದು ನಿಂತು ಟಕ್, ಆಮೇಲೆ ಎರಡು ಹೆಜ್ಜೆ, ಆಮೇಲೆ ಬಚ್ಚಲಿನವರೆಗೆ. ಎದ್ದು ನಡೆಯುವಾಗಲೆಲ್ಲ ತಮ್ಮನೋ ನಾನೋ ಪಕ್ಕದಲ್ಲಿ, ಬೊಗ್ಗುವಿನ ಕೊರಳಿಗೆ ಹಗ್ಗ. ಪರೀಕ್ಷೆ ಮಾಡಲಿಕ್ಕೆ ಅಜ್ಜಿಯ ಸೊಂಟವನ್ನು ಪಣಕ್ಕಿಡುವ ಹಾಗಿಲ್ಲ.

ತಿಂಡಿಯ ವಿಷಯದಲ್ಲಿ ಒಂದು ಮಾತು. ಅಜ್ಜಿಯ ಹಾಸಿಗೆಯ ಕೆಳಗೆ ಒಣದ್ರಾಕ್ಷಿಯ ಡಬ್ಬಿ ಇರುತ್ತದೆ, ಅಜ್ಜಿ ಅದನ್ನೇ ಕೊಡಲು ಹೊರಟಿತ್ತು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಹಾಳು ಮಾಡಬಲ್ಲದು. ಚಾಕೊಲೇಟು, ನೀರುಳ್ಳಿಯೂ ಬೇಡ. ಪಾಯಸ ಉಳಿದರೆ ನಾಯಿಗೆ ಸುರಿಯುವವರು ನೆನಪಿಟ್ಟುಕೊಳ್ಳಿ.

ಇನ್ನು, ಎಲ್ಲ ಗಲಾಟೆಯೂ ಗಮನ ಸೆಳೆಯುವ ನಾಟಕ ಅಲ್ಲ. ರಾತ್ರಿ ಎರಡು ಗಂಟೆಗೆ ಕುಂಯ್‌ಗುಟ್ಟುವ ಎರಡು ತಿಂಗಳ ಮರಿಗೆ ಉಚ್ಚೆ ಬಂದಿರುತ್ತದೆ. ಎತ್ತಿಕೊಂಡು ಅಂಗಳಕ್ಕೆ ಹೋಗಬೇಕು, ಮಾತಿಲ್ಲದೆ, ಆಟವಿಲ್ಲದೆ ತಂದು ಮಲಗಿಸಬೇಕು. (ಟಾರ್ಚ್ ಹಿಡಿದು, ಇಬ್ಬರು. ಚಿರತೆಯನ್ನು ಮರೆಯುವ ಹಾಗಿಲ್ಲ.) ಸಂಜೆ ಏಳರ ಹೊತ್ತಿಗೆ ಮನೆ ತುಂಬ ಓಡಿ ಕಂಡದ್ದೆಲ್ಲ ಕಚ್ಚಿದರೆ ನಿದ್ದೆ ಸಾಲದೆ ಇರಬಹುದು, ಮರಿ ದಿನಕ್ಕೆ 18 ಗಂಟೆಯಾದರೂ ಮಲಗುವ ಪ್ರಾಣಿ, ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ಮೂರು ನಾಲ್ಕು ತಿಂಗಳಿಗೆ ಹಾಲುಹಲ್ಲು 28 ಬಿದ್ದು 42 ಹೊಸ ಹಲ್ಲು ಬರಲು ಸುರುವಾಗುತ್ತದೆ, ಒಸಡು ತುರಿಸುತ್ತದೆ. ಹಳೆಯ ಬೈರಾಸನ್ನು ಗಂಟು ಹಾಕಿ, ಒದ್ದೆ ಮಾಡಿ, ಫ್ರಿಜ್ಜಿನಲ್ಲಿಟ್ಟು ಕೊಟ್ಟೆ. ವಾಕರಿನ ಬೂಚು ಬದುಕಿತು. ಮರಿ ಮಂಕಾಗಿ, ವಾಂತಿಭೇದಿ ಸುರುವಾದರೆ ಮಾತ್ರ ಯಾವ ಪಾಠವೂ ಬೇಡ, ಅದೇ ದಿನ ಪಶು ಆಸ್ಪತ್ರೆಗೆ ಹೋಗಬೇಕು. ಪಾರ್ವೊ ಕಾಯಿಲೆಗೆ ಮರಿಗಳು ಎರಡು ಮೂರು ದಿನದಲ್ಲಿ ಸಾಯುವುದುಂಟು.

ಆಟದಲ್ಲಿ ತಾಗಿದ ಹಲ್ಲನ್ನೂ ಹಗುರವಾಗಿ ನೋಡಬಾರದು. ರೇಬೀಸ್ ಲಸಿಕೆ ಆಗುವುದು ಸುಮಾರು ಮೂರು ತಿಂಗಳಿಗೆ. ಅದಕ್ಕೆ ಮೊದಲು ಅಜ್ಜಿಯ ಕೈಗೆ ಒಂದು ಗೀರು ಬಿದ್ದಿತ್ತು. 'ಮರಿಯಲ್ಲವಾ, ಅರಸಿನ ಹಚ್ಚಿ' ಎಂದರು ಬಂದವರೊಬ್ಬರು. ನಾವು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಜ್ಜಿಯನ್ನು ಜೀಪಿನಲ್ಲಿ ಕೂರಿಸಿ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಸುರುಮಾಡಿಸಿದೆವು. ಆ ಕಾಯಿಲೆಯ ಲಕ್ಷಣ ಕಾಣಿಸಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು.

ಈ ನಡುವೆ ನನಗೆ ಒಂದು ವಿಷಯ ಗಮನಕ್ಕೆ ಬಂತು. ನಾವೆಲ್ಲ ಕಾನೂನು ಪಾಲಿಸಿದರೂ ಬೊಗ್ಗು ಅಜ್ಜಿಯ ಕೋಣೆಯಲ್ಲಿ ಮಾತ್ರ ಹಾರುವುದನ್ನು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಾಗಿಲ ಹೊರಗೆ ನಿಂತು ನೋಡಿದೆ. ಮಂಚದಲ್ಲಿ ಕೂತ ಅಜ್ಜಿ ಎರಡೂ ಕೈ ಚಾಚಿ, 'ಹಾರು, ಹಾರು' ಎಂದು ಅವನನ್ನು ಮಡಿಲಿಗೆ ಕರೆಯುತ್ತಿತ್ತು. "ಎಂತಜ್ಜೀ ಇದು?" ಎಂದೆ. ಅಜ್ಜಿ ಸ್ವಲ್ಪವೂ ನಾಚಲಿಲ್ಲ. "ನೀವೆಲ್ಲ ಕರೆದರೆ ಬರ್ತೀರಿ ಮಗಾ. ಇದು ಕರೆಯದೆಯೂ ಬರ್ತದೆ" ಎಂದಿತು.

ಅದಕ್ಕೆ ನನ್ನ ಹತ್ತಿರ ಯಾವ ಪುಸ್ತಕದ ಉತ್ತರವೂ ಇರಲಿಲ್ಲ. ಕೊನೆಗೆ ಅಜ್ಜಿಯೂ ನಾನೂ ಒಪ್ಪಂದ ಮಾಡಿಕೊಂಡೆವು. ಬೊಗ್ಗು ಹಾರದೆ ಮಂಚದ ಕೆಳಗೆ ಕೂತರೆ ತಮ್ಮ ಅವನನ್ನು ಎತ್ತಿ ಅಜ್ಜಿಯ ಪಕ್ಕ ಮಲಗಿಸುವುದು. ಮಧ್ಯಾಹ್ನ ಊಟದ ಮೇಲೆ ಒಂದು ಗಂಟೆ ನಾನು ಕಂಪ್ಯೂಟರನ್ನು ಅಜ್ಜಿಯ ಕೋಣೆಯಲ್ಲೇ ಇಟ್ಟುಕೊಂಡು ಕೂರುವುದು. ಬೊಗ್ಗುವಿಗೆ ಪಾಠ, ಅಜ್ಜಿಯ ಹಳೆಯ ಕಥೆ, ನನ್ನ ಟೈಪಿಂಗ್ ಮೂರೂ ಒಂದೇ ಹೊತ್ತಿಗೆ ನಡೆಯುತ್ತವೆ.

ಅಪ್ಪನ ಗಡುವು ದಾಟಿ ಎರಡು ತಿಂಗಳಾಯಿತು, ಆ ಮಾತನ್ನು ಅವರು ಮತ್ತೆ ಎತ್ತಿಲ್ಲ. ಬೊಗ್ಗುವಿಗೆ ಈಗ ಐದು ತಿಂಗಳು, ಎರಡನೆಯ ಕಿವಿಯೂ ನಿಂತಿದೆ. ಟಕ್ ಎಂದರೆ ಗೋಣಿಗೆ ಹೋಗಿ ಕೂರುತ್ತಾನೆ. ಅಜ್ಜಿ ಈಗೀಗ ನಡೆಯಲಿಕ್ಕಿಲ್ಲದಿದ್ದರೂ ಕೂತಲ್ಲೇ ವಾಕರನ್ನು ಟಕ್ ಎನಿಸಿ ಅವನು ಓಡುವುದನ್ನು ನೋಡಿ ನಗುತ್ತದೆ, ಹಾಗಾಗಿ ತೆಂಗಿನಕಾಯಿಯ ಖರ್ಚು ಜಾಸ್ತಿಯಾಗಿದೆ. ಉಳಿದಿರುವುದು ಮನೆಗೆ ಬರುವ ನೆಂಟರು. ನಾವು ಬೇಡ ಎಂದರೂ 'ಅಯ್ಯೋ ಇರಲಿ, ನನಗೆ ನಾಯಿ ಎಂದರೆ ಇಷ್ಟ' ಎಂದು ಹಾರಿಸಿಕೊಳ್ಳುತ್ತಾರೆ. ಮುಂದಿನ ತಿಂಗಳು ಮನೆಯಲ್ಲಿ ಪೂಜೆ ಇದೆ, ಅರುವತ್ತು ಜನ ಬರುವ ಅಂದಾಜು. ಚಾವಡಿಯ ಗೋಣಿಯನ್ನು ಎಲ್ಲಿಗೆ ಹಾಕುವುದು ಎಂದು ಅಮ್ಮ ಈಗಲೇ ಕೇಳುತ್ತಿದ್ದಾರೆ.