ಗಿರಣಿಯ ಅಂಗಳದಲ್ಲೊಂದು ಮಧ್ಯಾಹ್ನ

ಹೋಟೆಲಿನಲ್ಲಿ ದುಡಿದವನ ಪಾಲಿಗೆ ಮಧ್ಯಾಹ್ನವೆಂದರೆ ಎರಡು ಗಂಟೆಯ ಅವಧಿ. ಊಟದ ಗಿರಾಕಿಗಳು ಚದುರಿದ ಮೇಲೆ, ಸಂಜೆಯ ಚಹಾಕ್ಕೆ ನೀರು ಕಾಯುವ ಮೊದಲು, ಬೆಂಚಿನ ಮೇಲೆ ಮೈಚಾಚಿದರೆ ಅದೇ ಅವನ ವಿರಾಮ. 1958ರಲ್ಲಿ ಉಡುಪಿಯ ಕಡೆಯಿಂದ ಹನ್ನೆರಡು ವರ್ಷದ ಹುಡುಗನಾಗಿ ಮುಂಬಯಿಗೆ ಬಂದು, ಲೋವರ್ ಪರೇಲಿನ ಗಿರಣಿಗಳ ನಡುವಿನ ಹೋಟೆಲೊಂದರಲ್ಲಿ ಮಾಣಿಯಾಗಿ, ರಾತ್ರಿಶಾಲೆಯಲ್ಲಿ ಕಲಿತ ನಾಲ್ಕಕ್ಷರದ ಬಲದಿಂದ ಗಲ್ಲೆಯವರೆಗೆ ಏರಿದ ಆ ಹಿರಿಯರಿಗೆ ಇಡಿಯ ಒಂದು ಮಧ್ಯಾಹ್ನ ದಕ್ಕಿದ್ದು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ. ಅದೂ ಅದೇ ಪರೇಲಿನಲ್ಲಿ.

ಮೊಮ್ಮಗಳಿಗೆ ಹೊಸ ಕೆಲಸಕ್ಕೆ ತಕ್ಕ ಉಡುಪು ಕೊಳ್ಳಬೇಕಾಗಿತ್ತು. ಡೊಂಬಿವಲಿಯಿಂದ ಸ್ಲೋ ಗಾಡಿ ಹಿಡಿದು, ಕರಿರೋಡಿನಲ್ಲಿಳಿದು ಇಬ್ಬರೂ ನಡೆದರು. 1905ರಲ್ಲಿ ಬಟ್ಟೆಯ ಗಿರಣಿಯಾಗಿ ಆರಂಭವಾದ ಫೀನಿಕ್ಸ್ ಇಂದು ನಗರದ ದುಬಾರಿ ಮಳಿಗೆಗಳ ಸಂಕೀರ್ಣ. ಹಳೆಯ ಚಿಮಣಿಯೊಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಬಾಗಿಲಲ್ಲಿ ಕಾವಲುಗಾರ ಚೀಲವನ್ನು ಯಂತ್ರದೊಳಗೆ ತಳ್ಳಿದಾಗ ಹಿರಿಯರಿಗೆ ನಗು ಬಂತು. ಗಿರಣಿಗಳಲ್ಲಿ ಹಿಂದೆ ಪಾಳಿ ಮುಗಿಸಿ ಹೊರಬರುವವರ ಮೈ ತಡವಿ ನೋಡುತ್ತಿದ್ದರು. ಈಗ ಒಳಹೋಗುವವರ ಸರದಿ.

“ಅಜ್ಜ, ನಿಮಗೆ ಬೇಸರವಾಗುವುದಿಲ್ಲವಷ್ಟೇ?” ಎಂದಳು ಮೊಮ್ಮಗಳು.

“ನೀನು ಹೋಗಿ ಬಾ ಮಗಾ. ನಾನಿಲ್ಲೇ ಕೂತಿರುತ್ತೇನೆ.”

ಬೇಸರವೆಲ್ಲಿಂದ ಬರಬೇಕು? ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಊರಿನ ಮಾಗಿಯ ಮುಂಜಾವಿನಂಥ ತಂಪು. ಇಂಥ ಮಳಿಗೆಗಳನ್ನು ಲೇಖನಗಳಲ್ಲಿ ಹಳಿಯುವವರು ಇಂಥ ದಿನ ಇಲ್ಲಿ ಒಂದು ಗಳಿಗೆ ಕುಳಿತು ಬರೆಯುವುದು ನ್ಯಾಯ. ಎಷ್ಟು ಹೊತ್ತಾದರೂ ಯಾರೂ ಬಂದು ಏಳಿರೆನ್ನಲಿಲ್ಲ. ಚಹಾ ಮುಗಿದರೂ ಕುಳಿತೇ ಇದ್ದ ಗಿರಾಕಿಯ ಮುಂದೆ ಒದ್ದೆಬಟ್ಟೆಯಿಂದ ಮೇಜು ಒರೆಸಿ ಎಬ್ಬಿಸುವ ವಿದ್ಯೆಯಲ್ಲಿ ಪಳಗಿದ್ದ ಅವರಿಗೆ ಇದು ಸೋಜಿಗವೆನಿಸಿತು.

ಮೊಮ್ಮಗಳು ಕೊಟ್ಟುಹೋಗಿದ್ದ ಹಣದಿಂದ ಕಾಫಿ ಕೊಳ್ಳಲು ಹೋದಾಗ ಕೌಂಟರಿನ ಹುಡುಗ ಹೆಸರು ಕೇಳಿದ. ಕೇಳಿ ಲೋಟದ ಮೇಲೆ ಬರೆದ. ಮುನ್ನೂರು ರೂಪಾಯಿ ಮೊದಲೇ ಎಣಿಸಿಕೊಂಡವನಿಗೆ ಹೆಸರೇಕೆ? ಅವರ ಕಾಲದಲ್ಲಿ ಹೆಸರು ಬರೆಯುತ್ತಿದ್ದುದು ದುಡ್ಡು ಕೊಡದವರದು, ಉದ್ರಿ ಪುಸ್ತಕದಲ್ಲಿ.

ಆ ಪುಸ್ತಕ ಬರೆಯುತ್ತಿದ್ದವರು ಅವರೇ. ಸಂಬಳದ ದಿನ ಸಂಜೆ ಗಿರಣಿಯ ಭೋಂಗಾ ಕೂಗಿದೊಡನೆ ಗಲ್ಲೆಯ ಮುಂದೆ ಸಾಲು. ಒಂದೊಂದೇ ಹೆಸರಿಗೆ ಅಡ್ಡಗೆರೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಹೂಡಿದ ಕಾರ್ಮಿಕರು ಸುಮಾರು 2.5 ಲಕ್ಷ. ಹದಿನೈದು ದಿನದಲ್ಲಿ ಮುಗಿಯುವ ಮಾತೆಂದು ಧನಿಗಳು ಉದ್ರಿ ನಡೆಸಿದರು. ಹೋಳಿ ಕಳೆಯಿತು, ಯುಗಾದಿಯೂ ಕಳೆಯಿತು. ಧನಿಗಳಿಗೂ ದಿನಸಿಯಂಗಡಿಯಲ್ಲಿ ಬಾಕಿ ಬೆಳೆದಿತ್ತು. ಒಂದು ಬೆಳಿಗ್ಗೆ ಪುಸ್ತಕ ಮುಚ್ಚಲು ಹೇಳಿದರು.

ಅಂದು ಮೊದಲು ಬಂದವನು ಒಬ್ಬ ಬದಲಿ ಕಾರ್ಮಿಕ. ಕಾಯಂ ನೌಕರಿಯಿಲ್ಲದೆ, ರಜೆ ಹಾಕಿದವರ ಸ್ಥಾನದಲ್ಲಿ ದುಡಿಯುತ್ತಿದ್ದವನು. ಜೊತೆಯಲ್ಲಿ ನಾಲ್ಕೈದು ವರ್ಷದ ಮಗ. ಎರಡು ಪ್ಲೇಟು ಉಸಳ್ ಕೇಳಿದ. ಗಲ್ಲೆಯಲ್ಲಿದ್ದವರು ತಲೆಯೆತ್ತದೆ “ಉದ್ರಿ ಇಲ್ಲ” ಎಂದರು. ಅವನು ಜಗಳವಾಡಲಿಲ್ಲ. ಮಗನಿಗೆ ನೀರು ಕುಡಿಸಿ, ಲೋಟವನ್ನು ಮೇಜಿನ ಮೇಲೆ ಮೆಲ್ಲಗಿಟ್ಟು ಹೋದ. ಸ್ವಂತ ಕಿಸೆಯಿಂದ ಎರಡು ಪ್ಲೇಟಿನ ದುಡ್ಡು ಹಾಕಬಹುದಿತ್ತೆಂದು ಅವರಿಗೆ ಹೊಳೆದದ್ದು ರಾತ್ರಿ ಲೆಕ್ಕ ಮುಗಿಸುವಾಗ. ಮತ್ತೆ ಅವನು ಆ ಬೀದಿಯಲ್ಲಿ ಕಾಣಲಿಲ್ಲ.

ಮುಂದಿನದು ಎಲ್ಲರಿಗೂ ತಿಳಿದದ್ದೇ. ಮುಷ್ಕರವನ್ನು ವಿಧಿವತ್ತಾಗಿ ಹಿಂತೆಗೆದುಕೊಳ್ಳಲೇ ಇಲ್ಲ. 1991ರ ನಿಯಮ ಗಿರಣಿಯ ಭೂಮಿಯನ್ನು ಮಾರಾಟಕ್ಕೆ ತೆರೆಯಿತು. 2001ರ ತಿದ್ದುಪಡಿ ನಗರಪಾಲಿಕೆಗೂ ವಸತಿಗೂ ಸಲ್ಲಬೇಕಾದ ಪಾಲನ್ನು ಕುಗ್ಗಿಸಿತು.

ಮೊಮ್ಮಗಳು ಎರಡು ಚೀಲ ಹಿಡಿದು ಮರಳಿದಳು. ಹಿರಿಯರು ಅಂಗಿಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ನೇಕಾರ ಗಿರಾಕಿಗಳನ್ನು ನೋಡಿ ಕಲಿತ ಅಭ್ಯಾಸವದು.

“ಎಲ್ಲಿಯದು?”

ಅವಳು ಚೀಟಿ ತಿರುಗಿಸಿ ಓದಿದಳು: “ಬಾಂಗ್ಲಾದೇಶ.”

ಆರು ಗಂಟೆಯ ನೂಕುನುಗ್ಗಲಿಗೆ ಮೊದಲೇ ಗಾಡಿ ಹಿಡಿಯಬೇಕಿತ್ತು. ಎದ್ದವರು ತಮ್ಮ ಲೋಟದೊಡನೆ ಪಕ್ಕದ ಮೇಜಿನ ಮೂರು ಖಾಲಿ ಲೋಟಗಳನ್ನೂ ಒಂದೇ ಕೈಯಲ್ಲಿ ಸೇರಿಸಿ ಹಿಡಿದು, ತೊಳೆಯುವ ತೊಟ್ಟಿ ಎಲ್ಲಿದೆಯೆಂದು ನೋಡುತ್ತ ನಿಂತರು. ಸಮವಸ್ತ್ರದ ಹುಡುಗನೊಬ್ಬ ಓಡಿಬಂದು, ಇರಲಿ ಬಾಬಾ ಎಂದು ಹಿಂದಿಯಲ್ಲಿ ಹೇಳಿ, ಅವನ್ನು ಅವರ ಬೆರಳುಗಳಿಂದ ಒಂದೊಂದಾಗಿ ಬಿಡಿಸಿಕೊಂಡ.